ಪೋಸ್ಟಿಂಗ್‌ಗೆ ಹೋಗೋ ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಪಾಕೆಟ್ ಕಾರ್ಡ್ ಸೆಟ್: ತಗೊಳಿ, ಆದ್ರೆ ಅರ್ಧ ಕಾರ್ಡ್ ಕಿತ್ತಿಡಿ

ಮೊದಲೇ ಹೇಳ್ಬಿಡ್ತೀನಿ, ಸೆಟ್ ತಗೋಬಹುದು, ದುಡ್ಡು ದಂಡ ಅಲ್ಲ. ಆದ್ರೆ ಬಂದ ತಕ್ಷಣ ರಿಂಗ್ ಬಿಚ್ಚಿ ಅರ್ಧ ಕಾರ್ಡ್ ತೆಗೆದಿಡಿ. ಮೊದಲನೇ ಕ್ಲಿನಿಕಲ್ ಪೋಸ್ಟಿಂಗ್‌ಗೆ, ಅಂದ್ರೆ ಆಸ್ಪತ್ರೆ ವಾರ್ಡಲ್ಲಿ ಕೆಲಸ ಕಲಿಯೋಕೆ, ಹೋಗ್ತಿರೋ ಚಿಕ್ಕಮ್ಮನ ಮಗಳಿಗೆ ಅಂತ ತರಿಸಿದ್ದು, ಕೊಡೋ ಮುಂಚೆ ನಾನೇ ಡ್ಯೂಟಿಗೆ ತಗೊಂಡ್ಹೋಗಿ ನೋಡ್ದೆ, ಯಾಕಂದ್ರೆ ಮನೇಲಿ ಕೂತು ತಿರುವಿ ಹಾಕಿದ್ರೆ ಎಲ್ಲಾ ಕಾರ್ಡೂ ಚೆನ್ನಾಗೇ ಕಾಣುತ್ತೆ. ಒಂದು ಕೈಯಲ್ಲಿ ಡ್ರಿಪ್ ಬಾಟ್ಲು ಹಿಡ್ಕೊಂಡಿರುವಾಗ ಇನ್ನೊಂದು ಕೈಯಲ್ಲಿ ತೆಗೆದು ಓದೋಕಾಗುತ್ತಾ, ಅಷ್ಟೇ ನಂಗೆ ಬೇಕಿದ್ದಿದ್ದು.

ಇಡೀ ಸೆಟ್ಟಲ್ಲಿ ಡ್ರಿಪ್ ಲೆಕ್ಕದ ಕಾರ್ಡೇ ಬೆಸ್ಟು. ಸೂತ್ರ ಬರೆದು ಕೈ ತೊಳ್ಕೊಂಡಿಲ್ಲ, ಲೆಕ್ಕ ಮಾಡಿ ತೋರಿಸಿದ್ದಾರೆ. 500 ಎಂಎಲ್ ಫ್ಲೂಯಿಡ್ 4 ಗಂಟೇಲಿ ಹೋಗ್ಬೇಕು, ಡ್ರಿಪ್ ಸೆಟ್ (ಬಾಟ್ಲಿಂದ ಫ್ಲೂಯಿಡ್ ಇಳಿಯೋ ಪೈಪು) ಎಂಎಲ್‌ಗೆ 20 ಹನಿದು, ಅಂದ್ರೆ 500ನ್ನ 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸು, ನಿಮಿಷಕ್ಕೆ ಸುಮಾರು 42 ಹನಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಡ್ರಿಪ್ ಸೆಟ್ಟಿನ ಕವರ್ ಮೇಲೆ ಎಷ್ಟು ಹನಿ ಅಂತ ಮೊದಲು ನೋಡು ಅಂತ ಬರೆದಿದೆ. ಈ ಸಾಲು ಬರೆದೋರು ಖಂಡಿತ ವಾರ್ಡಲ್ಲಿ ಬೆವರು ಸುರಿಸಿದೋರೇ. 15 ಹನಿ ಸೆಟ್ ಕೈಗೆ ಸಿಕ್ಕಿದ್ರೆ ಅದೇ ಬಾಟ್ಲಿಗೆ 31 ಹನಿ ಸಾಕು, 42 ಬಿಟ್ರೆ ಮೂರು ಗಂಟೆಗೇ ಖಾಲಿ. ಸಣ್ಣ ಹನಿ ಬೀಳೋ ಮೈಕ್ರೋ ಡ್ರಿಪ್ ಸೆಟ್ಟಾದ್ರೆ ಎಂಎಲ್‌ಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕಾನೇ ಬೇಡ, ಅದನ್ನೂ ಹಾಕಿದ್ದಾರೆ.

ಟೆಸ್ಟಿಗೆ ರಕ್ತ ತೆಗೆಯೋವಾಗ ಯಾವ ಟ್ಯೂಬ್ ಮೊದಲು ತುಂಬಬೇಕು ಅಂತ ಹೇಳೋ ಬ್ಲಡ್ ಟ್ಯೂಬ್ ಕಾರ್ಡೂ ಪರವಾಗಿಲ್ಲ. ಕಲ್ಚರ್ ಬಾಟ್ಲು (ರಕ್ತದಲ್ಲಿ ಸೋಂಕು ಇದೆಯಾ ಅಂತ ನೋಡೋದು) ಮೊದಲು, ಆಮೇಲೆ ತಿಳಿನೀಲಿ, ಕೆಂಪು, ಹಸಿರು, ನೇರಳೆ, ಕೊನೇಗೆ ಬೂದು, ಮುಚ್ಚಳದ ಬಣ್ಣನೇ ಪ್ರಿಂಟ್ ಮಾಡಿರೋದ್ರಿಂದ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಯಾಕೆ ಈ ಕ್ರಮ ಅಂತ ಒಂದು ಸಾಲು ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ನೇರಳೆ ಟ್ಯೂಬಲ್ಲಿರೋ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋ ಕೆಮಿಕಲ್) ಮುಂದಿನ ಟ್ಯೂಬಿಗೆ ಸೇರಿದ್ರೆ ರಿಪೋರ್ಟಲ್ಲಿ ಪೊಟ್ಯಾಸಿಯಂ ಏರಿರುತ್ತೆ, ಕ್ಯಾಲ್ಸಿಯಂ ಇಳಿದಿರುತ್ತೆ, ಪೇಷೆಂಟ್ ಆರಾಮಾಗಿ ಮಲಗಿರ್ತಾರೆ, ಓಡಾಟ ಮಾತ್ರ ನಮ್ದು. ಕಾರಣ ಗೊತ್ತಿದ್ರೆ ಕ್ರಮ ತಾನಾಗೇ ನೆನಪಿರುತ್ತೆ ಅಲ್ವಾ.

ಈಗ ಬೈಯೋ ವಿಷಯಕ್ಕೆ ಬರ್ತೀನಿ. ಔಷಧಿ ಡೋಸ್ ಕಾರ್ಡಲ್ಲಿ ಮೈಕ್ರೋಗ್ರಾಮ್ ಅನ್ನೋದನ್ನ ಆ ಗ್ರೀಕ್ ಮ್ಯೂ (µ) ಅಕ್ಷರ ಹಾಕಿ ಬರೆದಿದ್ದಾರೆ, ಅದೂ ಇರುವೆ ಸೈಜಲ್ಲಿ. ಅವಸರದಲ್ಲಿ ಅದು ಮಿಲಿಗ್ರಾಮ್ ಥರಾನೇ ಕಾಣುತ್ತೆ, ಅಂದ್ರೆ ಸಾವಿರ ಪಟ್ಟು ತಪ್ಪು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲೇ ಬಳಸಬಾರದ ಸಂಕ್ಷೇಪಗಳು ಅಂತ ಒಂದು ಪಟ್ಟಿ ತಂದಿತ್ತು, ಯೂನಿಟ್ ಅನ್ನೋಕೆ ಬರೀ ಯು (U) ಬರೀಬೇಡಿ ಸೊನ್ನೆ ಥರ ಕಾಣುತ್ತೆ, 5 ಅನ್ನೋ ಕಡೆ 5.0 ಬರೀಬೇಡಿ 50 ಅಂತ ಓದಿಬಿಡ್ತಾರೆ ಅಂತೆಲ್ಲ ಅದರಲ್ಲಿದೆ. ಈ ಕಾರ್ಡಲ್ಲಿ ಆ ಎರಡೂ ಇವೆ! ಹೊಸಬರ ಕೈಗೆ ಕೊಡೋ ವಸ್ತು ಕಣ್ರೀ ಇದು. ಈ ಕಾರ್ಡ್ ಮಾತ್ರ ಮುಲಾಜಿಲ್ದೆ ತೆಗೆದು ಕಸಕ್ಕೆ ಹಾಕ್ದೆ.

ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತೋದು) ಕಾರ್ಡ್ ನೋಡಿದ್ರೆ ಇವರು ಎಷ್ಟು ಹಳೇದನ್ನ ನಕಲು ಹೊಡೆದಿದ್ದಾರೆ ಅಂತ ಗೊತ್ತಾಗುತ್ತೆ. ನಿಮಿಷಕ್ಕೆ ಕನಿಷ್ಠ 100 ಸಲ ಒತ್ತಬೇಕು ಅಂತಿದೆ, ಅದು 2010ರ ಗೈಡ್‌ಲೈನ್ ಮಾತು. 2015ರಲ್ಲೇ ಅದನ್ನ 100ರಿಂದ 120, ಆಳ ದೊಡ್ಡೋರಿಗೆ 5ರಿಂದ 6 ಸೆಂಟಿಮೀಟರ್ ಅಂತ ಮೇಲಿನ ಮಿತಿ ಹಾಕಿ ಬದಲಾಯಿಸಿದ್ರು, ಜಾಸ್ತಿ ಜೋರಾಗಿ ಒತ್ತಿದ್ರೂ ತೊಂದರೆ ಅಂತ. ಯಾವ ವರ್ಷದ ಮುದ್ರಣ ಅಂತ ಸೆಟ್ ಮೇಲೆ ಎಲ್ಲೂ ಹಾಕಿಲ್ಲ. ನೀವು ಬೇರೆ ಯಾವ ಕಂಪನಿದು ತಗೊಂಡ್ರೂ ಮೊದಲು ಈ ಕಾರ್ಡ್ ತೆಗೆದು ನೋಡಿ, ಸೆಟ್ಟಿನ ವಯಸ್ಸು ಅಲ್ಲೇ ಸಿಗುತ್ತೆ.

ವೈಟಲ್ಸ್ (ಪಲ್ಸ್, ಉಸಿರಾಟದಂಥ ಮುಖ್ಯ ಅಳತೆಗಳು) ಕಾರ್ಡಲ್ಲಿ ದೊಡ್ಡೋರದು ಸರಿ ಇದೆ, ಪಲ್ಸ್ 60ರಿಂದ 100, ಉಸಿರಾಟ 12ರಿಂದ 20. ಮಕ್ಕಳದ್ದು ಮಾತ್ರ ಎಲ್ಲಾ ಸೇರಿ ಒಂದೇ ಕಾಲಂ. ಹುಟ್ಟಿದ ಕೂಸು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತೆ, ಹತ್ತು ವರ್ಷದ ಹುಡುಗ 50 ಸಲ ಉಸಿರಾಡ್ತಿದ್ರೆ ಓಡಿ ಹೋಗಿ ಡಾಕ್ಟರ್‌ನ ಕರೀಬೇಕು, ಇಬ್ಬರನ್ನೂ ಒಂದೇ ಸಾಲಲ್ಲಿ ಹಾಕಿದ್ರೆ ಹೇಗೆ? ಮಕ್ಕಳ ವಾರ್ಡ್ ಪೋಸ್ಟಿಂಗ್ ಇದ್ರೆ ವಯಸ್ಸಿನ ಪ್ರಕಾರ ಇರೋ ಚಾರ್ಟ್ ಬೇರೆ ಮಾಡ್ಕೊಳಿ. ಪೇಷೆಂಟಿಗೆ ಎಷ್ಟು ಪ್ರಜ್ಞೆ ಇದೆ ಅಂತ ಅಳೆಯೋ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಕಾರ್ಡ್ ಓಕೆ, ಹೆಚ್ಚೆಂದ್ರೆ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6 ಅಂಕ. ಆದ್ರೆ ಬರೀ ಟೋಟಲ್ ಬರೆಯೋಕೆ ಜಾಗ ಬಿಟ್ಟಿದ್ದಾರೆ, ಮೂರನ್ನೂ ಬಿಡಿಬಿಡಿಯಾಗಿ ಬರೆಯೋ ಅಭ್ಯಾಸ ಮಾಡ್ಕೊಳಿ, ಯಾವುದು ಇಳೀತು ಅಂತ ಟೋಟಲ್ ಒಂದರಿಂದ ಗೊತ್ತಾಗಲ್ಲ. ಉಳಿದಂತೆ ಮೂಳೆಗಳ ಚಿತ್ರ, ನರ್ಸಿಂಗ್ ಥಿಯರಿ, ಇವೆಲ್ಲ ಜೇಬಿಗೆ ಯಾಕೆ ಬೇಕೋ ನಾ ಕಾಣೆ, ಪುಸ್ತಕದಲ್ಲಿ ಇರ್ಲಿ.

ಪ್ಲಾಸ್ಟಿಕ್ ಗಟ್ಟಿ ಇದೆ, ಸ್ಪಿರಿಟ್ ಹಾಕಿ ಒರೆಸಿದ್ರೆ ಪ್ರಿಂಟ್ ಹೋಗಲ್ಲ, ಕಾರ್ಡಿಗೆ ಇದು ಮುಖ್ಯ, ಪ್ರತಿ ಬೆಡ್ ಹತ್ರ ಮುಟ್ಟೋ ವಸ್ತು ಅಲ್ವಾ. ಆದ್ರೆ ಮಿಂಚೋ ಲ್ಯಾಮಿನೇಷನ್ ಆಗಿರೋದ್ರಿಂದ ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಓದ್ಬೇಕು. ಎದೆ ಮೇಲಿನ ಜೇಬಲ್ಲಿ ಇಟ್ರೆ ಬಗ್ಗಿದಾಗ ಪೇಷೆಂಟ್ ಮೇಲೇ ಬೀಳುತ್ತೆ, ಪಕ್ಕದ ಜೇಬೇ ವಾಸಿ. ಜೊತೆಗೆ ಕೊಟ್ಟಿರೋ ಕತ್ತಿನ ದಾರ ಬಳಸ್ಲೇಬೇಡಿ, ತೂಗಾಡಿಕೊಂಡು ಎಲ್ಲದಕ್ಕೂ ತಾಗುತ್ತೆ.

ಸೆಟ್ಟಿನ ಹಿಂದೆ ಕೆಲವು ಖಾಲಿ ಕಾರ್ಡ್ ಇವೆ, ನನ್ ಪ್ರಕಾರ ಕೊಟ್ಟ ದುಡ್ಡು ವಸೂಲಾಗೋದು ಅಲ್ಲೇ. ಕ್ರ್ಯಾಶ್ ಟ್ರಾಲಿ (ಎಮರ್ಜೆನ್ಸಿ ಔಷಧಿ, ಸಾಮಾನು ಇರೋ ಗಾಡಿ) ಎಲ್ಲಿದೆ, ಯಾವ ನಂಬರ್‌ಗೆ ಫೋನ್ ಮಾಡ್ಬೇಕು, ಆ ಆಸ್ಪತ್ರೆ ಲ್ಯಾಬಿನ ನಾರ್ಮಲ್ ರೇಂಜ್ ಎಷ್ಟು (ಲ್ಯಾಬಿಂದ ಲ್ಯಾಬಿಗೆ ಬದಲಾಗುತ್ತೆ), ಡಾಕ್ಟರ್‌ಗೆ ಫೋನ್ ಮಾಡೋವಾಗ ಎಸ್‌ಬಾರ್ (ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು ಅನ್ನೋ ಕ್ರಮ) ಪ್ರಕಾರ ಏನೇನು ಹೇಳ್ಬೇಕು, ಇದನ್ನೆಲ್ಲ ನಿಮ್ಮ ಆಸ್ಪತ್ರೆಗೆ ತಕ್ಕಂತೆ ಯಾವ ಕಂಪನೀನೂ ಪ್ರಿಂಟ್ ಮಾಡಿ ಕೊಡಲ್ಲ. ಪೇಷೆಂಟ್ ಹೆಸರು, ಬೆಡ್ ನಂಬರ್ ಮಾತ್ರ ಬರೀಬೇಡಿ, ಕಾರ್ಡ್ ಎಲ್ಲಾದ್ರೂ ಬಿದ್ದು ಹೋಗುತ್ತೆ. ಪ್ಲಾಸ್ಟಿಕ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಬರೆದ್ರೂ ಸ್ಯಾನಿಟೈಸರ್ ತಾಗಿದ್ರೆ ಅಳಿಸಿ ಹೋಗುತ್ತೆ, ಅದಕ್ಕೆ ಪೇಪರಲ್ಲಿ ಬರೆದು ಲ್ಯಾಮಿನೇಟ್ ಮಾಡ್ಸಿ. ರಿಂಗಿಗೆ ತೂತು ಹಾಕೋವಾಗ ಮೊದಲು ಪೇಪರಿಗೆ ದೊಡ್ಡ ತೂತು, ಲ್ಯಾಮಿನೇಟ್ ಆದ್ಮೇಲೆ ಅದರ ನಡುವೆ ಪ್ಲಾಸ್ಟಿಕ್‌ಗೆ ಸಣ್ಣ ತೂತು, ಇಲ್ಲಾಂದ್ರೆ ಅಲ್ಲಿಂದ ನೀರು ಇಳಿದು ಕಾರ್ಡ್ ಒಳಗೇ ಕೊಳೆಯುತ್ತೆ.

ಐದಕ್ಕೆ ಮೂರು ಸ್ಟಾರ್. ಡೋಸ್ ಕಾರ್ಡ್ ತಿದ್ದಿ ಮುದ್ರಣದ ವರ್ಷ ಹಾಕಿದ್ರೆ ನಾಲ್ಕು ಕೊಡ್ತೀನಿ.