ಮೋಲಿ ಮರಿಗಳಿಗೆ ಡಬ್ಬಿಯೋ, ಬಲೆಯೋ, ಟಬ್ಬೋ?

ಮೋಲಿ ಅಂದರೆ ಮೊಟ್ಟೆ ಇಡದೆ ಮರಿ ಹಾಕುವ ಸಾಕುಮೀನು. ಆ ಮರಿಗಳನ್ನು ತಾಯಿಯ ಬಾಯಿಂದ ಉಳಿಸಲು ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಬ್ಬಿಗೆ. 25 ಲೀಟರ್ ಹಿಡಿಯುವ ಬಟ್ಟೆ ನೆನೆಸುವ ಟಬ್ಬು, ಅದರ ತುಂಬ ಹೈಡ್ರಿಲ್ಲಾ ಅನ್ನುವ ನೀರುಗಿಡ, ಮೂಲೆಗೊಂದು ಸ್ಪಾಂಜ್ ಫಿಲ್ಟರ್. ಮರಿ ಹಾಕುವ ಮೀನು ಸಾಕುವವರು ಬೇರೆ ಏನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಲಿ ಅನ್ನುವುದು ನನ್ನ ಆಸೆ. ನಾನು ಹಾಗೆ ಮಾಡಲಿಲ್ಲ. ಮೊದಲು 180 ರೂಪಾಯಿ ಕೊಟ್ಟು ಡಬ್ಬಿ ತಂದೆ, ಆಮೇಲೆ 220 ಕೊಟ್ಟು ಬಲೆ ತಂದೆ, ನಡುವೆ ಒಂದು ಚೆಂದದ ಕಪ್ಪು ಮೋಲಿಯನ್ನು ಕಳೆದುಕೊಂಡೆ.

ಡಬ್ಬಿ ಅಂದರೆ ಬ್ರೀಡಿಂಗ್ ಬಾಕ್ಸ್ ಅಂತ ಎಲ್ಲ ಮೀನಿನ ಅಂಗಡಿಯಲ್ಲೂ ಸಿಗುತ್ತದಲ್ಲ, ಅದೇ. ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಇಳಿಜಾರಾದ ಎರಡು ತಟ್ಟೆ, ನಡುವೆ ಸೀಳು. ತಾಯಿ ಮೇಲಿರುತ್ತಾಳೆ, ಹುಟ್ಟಿದ ಮರಿ ಸೀಳಿನಿಂದ ಕೆಳಗೆ ಜಾರುತ್ತದೆ, ತಾಯಿಗೆ ತಿನ್ನಲು ಸಿಗುವುದಿಲ್ಲ. ಕೇಳಲು ಸರಿಯಾಗಿಯೇ ಇದೆ. ತೊಂದರೆ ಇರುವುದು ಒಂದೇ ಕಡೆ: ತಾಯಿಯನ್ನು ಅದರೊಳಗೆ ಯಾವತ್ತು ಬಿಡಬೇಕು?

ಮರಿ ಹಾಕುವ ಇನ್ನೊಂದು ಮೀನು ಗಪ್ಪಿಯಾದರೆ ಸುಳಿವು ಸಿಗುತ್ತದೆ. ಬಾಲದ ಕಡೆಗೆ, ಹೊಟ್ಟೆ ಮುಗಿಯುವಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ದಿನ ಹತ್ತಿರ ಬಂದಂತೆ ಅದು ದೊಡ್ಡದಾಗಿ ಗಾಢವಾಗುತ್ತದೆ. ತಿಳಿಬಣ್ಣದ ಮೀನಾದರೆ ಒಳಗಿರುವ ಮರಿಗಳ ಕಣ್ಣೂ ಸಾಸಿವೆಯ ಚೂರಿನ ಹಾಗೆ ಕಾಣುತ್ತವೆ. ನನ್ನದು ಕಪ್ಪು ಮೋಲಿ. ಮೈಯೆಲ್ಲ ಇದ್ದಿಲು, ಚುಕ್ಕೆ ಎಲ್ಲಿ ಹುಡುಕುವುದು? ದಿನ ಎಣಿಸೋಣ ಅಂದರೆ ಅದೂ ಆಗದು. ಗಪ್ಪಿ ಹೆಚ್ಚುಕಡಿಮೆ ನಾಲ್ಕು ವಾರಕ್ಕೆ ಮರಿ ಹಾಕಿದರೆ ಮೋಲಿ ಐದಾರು ವಾರದವರೆಗೂ ಎಳೆಯುತ್ತದೆ. ಅಂಗಡಿಯಿಂದ ತರುವಾಗಲೇ ಬಸುರಿಯಾಗಿದ್ದ ಮೀನಿಗೆ ಎಣಿಕೆ ಶುರು ಮಾಡುವುದು ಎಲ್ಲಿಂದ?

"ಹೊಟ್ಟೆ ನೋಡಿ ಸಾರ್, ಇನ್ನೆರಡು ದಿನ. ಇವತ್ತೇ ಡಬ್ಬಿಗೆ ಬಿಡಿ" ಅಂದರು ಅಂಗಡಿಯವರು. ಶನಿವಾರ ಸಂಜೆ ಬಿಟ್ಟೆ. ಭಾನುವಾರ ಪೂರ್ತಿ ಅವಳು ಮೂತಿಯನ್ನು ಪ್ಲಾಸ್ಟಿಕ್ ಗೋಡೆಗೆ ಒತ್ತಿಕೊಂಡು ಮೇಲಕ್ಕೂ ಕೆಳಕ್ಕೂ ಈಜಿದಳು. ಹೊರಗೆ ಅವಳ ಜೊತೆಯ ಮೀನುಗಳು ಕಾಣುತ್ತಿವೆ, ಅವಳಿಗೆ ತಿರುಗಲು ಒಂದು ಗೇಣು ಜಾಗವಿಲ್ಲ. ಸೋಮವಾರ ಊಟ ಮುಟ್ಟಲಿಲ್ಲ. ಮಂಗಳವಾರ ಬೆಳಗ್ಗೆ ಕೆಳಗಿನ ಅರೆಯಲ್ಲಿ ಹನ್ನೊಂದು ಮರಿ. ಯಾವುದೂ ಈಜುತ್ತಿರಲಿಲ್ಲ. ಲೆನ್ಸ್ ಹಿಡಿದು ನೋಡಿದರೆ ಒಂದೊಂದರ ಹೊಟ್ಟೆಯ ಕೆಳಗೂ ಮೊಟ್ಟೆಯ ಹಳದಿಭಾಗದ ಕಿತ್ತಳೆ ಬಣ್ಣದ ಚೀಲ ಇನ್ನೂ ಅಂಟಿಕೊಂಡಿತ್ತು. ದಿನ ತುಂಬಿದ ಮರಿಗೆ ಆ ಚೀಲ ಕರಗಿರುತ್ತದೆ, ಹುಟ್ಟಿದ ಗಳಿಗೆಯಿಂದಲೇ ಈಜಿ ಆಹಾರ ಹುಡುಕುತ್ತದೆ. ಇವು ಅವಧಿಗೆ ಮೊದಲೇ ಬಿದ್ದವು. ಮರುದಿನಕ್ಕೆ ಒಂದೂ ಉಳಿಯಲಿಲ್ಲ. ಗುರುವಾರ ತಾಯಿಯೂ ಹೋದಳು.

ದಿನ ತುಂಬುತ್ತಿರುವ ಮೋಲಿಯನ್ನು ಹಿಡಿದು ಇಕ್ಕಟ್ಟಿಗೆ ತುರುಕಬಾರದು ಅನ್ನುವುದನ್ನು ಆಮೇಲೆ ಓದಿ ತಿಳಿದೆ. ಅದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಡಬ್ಬಿಯ ಮೇಲೂ ಬರೆದಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಡಬ್ಬಿ ಕೆಲಸಕ್ಕೆ ಬರಬೇಕಾದರೆ ಹೆರುವ ದಿನ ನಿಮಗೆ ಗೊತ್ತಿರಬೇಕು, ಆ ದಿನ ನೀವು ಮನೆಯಲ್ಲಿರಬೇಕು. ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿ ರಾತ್ರಿ ಏಳಕ್ಕೆ ಬರುವ ನನ್ನಂಥವರಿಗೆ ಅದು ಹೊಂದುವುದಿಲ್ಲ.

ಕಡ್ಡಿಗಳ ಚೌಕಟ್ಟಿಗೆ ಬಲೆ ಹೊಲಿದು ತೊಟ್ಟಿಯೊಳಗೇ ತೂಗುಹಾಕುವ ಬಲೆಯ ಪೆಟ್ಟಿಗೆ ಡಬ್ಬಿಗಿಂತ ಎಷ್ಟೋ ವಾಸಿ. ದೊಡ್ಡ ತೊಟ್ಟಿಯ ನೀರೇ ಒಳಗೂ ಆಡುತ್ತದೆ, ಹಾಗಾಗಿ ಹಾಕಿದ ಆಹಾರ ಮೂಲೆಯಲ್ಲಿ ಕೊಳೆತು ನಿಲ್ಲುವುದಿಲ್ಲ. ತಾಯಿಯನ್ನು ಅದರಲ್ಲಿ ಬಿಡಲು ನನಗೆ ಮತ್ತೆ ಧೈರ್ಯ ಬರಲಿಲ್ಲ. ಹುಟ್ಟಿದ ಗಪ್ಪಿ ಮರಿಗಳನ್ನಷ್ಟೇ ಬಿಟ್ಟೆ. ಎರಡು ವಾರ ಚೆನ್ನಾಗಿತ್ತು. ಆದರೆ ದೊಡ್ಡ ಮೀನುಗಳು ಕೆಳಗಿನಿಂದ ಬಂದು ಬಲೆಗೆ ಬಾಯಿ ಹಾಕುತ್ತವೆ, ಬಲೆಗೆ ಒರಗಿದ ಮರಿಗಳ ಬಾಲ ಹರಿಯುತ್ತದೆ. ಕಡ್ಡಿಗೆ ಬಲೆ ಹೊಲಿದ ಸಂದಿನಲ್ಲಿ ಎರಡು ಮರಿ ಸಿಕ್ಕಿಕೊಂಡು ಸತ್ತವು.

ಇನ್ನು ಟಬ್ಬು. ಟಬ್ಬಿಗೆ 150, ಸ್ಪಾಂಜ್ ಫಿಲ್ಟರು ಮತ್ತು ಸಣ್ಣ ಗಾಳಿ ಪಂಪು ಸೇರಿ 350. ಹೈಡ್ರಿಲ್ಲಾ ಒಂದು ಹಿಡಿಗೆ 20 ರೂಪಾಯಿ, ತಂದ ಮೇಲೆ ಅದೇ ಬೆಳೆದುಕೊಳ್ಳುತ್ತದೆ. ಸ್ಪಾಂಜನ್ನು ಎರಡು ವಾರ ಹಳೆಯ ತೊಟ್ಟಿಯಲ್ಲೇ ಓಡಿಸಿ, ಟಬ್ಬಿಗೂ ಆ ತೊಟ್ಟಿಯ ನೀರನ್ನೇ ತುಂಬಿಸಿದೆ. ಹೊಟ್ಟೆ ಉಬ್ಬತೊಡಗಿದ ಕೂಡಲೇ, ಅಂದರೆ ಹೆರಿಗೆಗೆ ಇನ್ನೂ ಎರಡು ಮೂರು ವಾರ ಇರುವಾಗಲೇ, ತಾಯಿಯನ್ನು ಜಾಲರಿಯಲ್ಲಿ ಹಿಡಿಯದೆ ನೀರಿನ ಸಮೇತ ಮಗ್ಗಿನಲ್ಲಿ ತಂದು ಬಿಡುತ್ತೇನೆ. ದಿನ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಅವಳು ಗಿಡದ ನಡುವೆ ನೆಮ್ಮದಿಯಾಗಿರುತ್ತಾಳೆ, ಪಾಚಿ ಮೇಯುತ್ತಾಳೆ. ಹುಟ್ಟಿದ ಮರಿ ನೆಟ್ಟಗೆ ಹೈಡ್ರಿಲ್ಲಾದ ಒಳಗೆ ನುಗ್ಗುತ್ತದೆ. ಸಂಜೆ ಮನೆಗೆ ಬಂದು ಅವಳನ್ನು ಅದೇ ಮಗ್ಗಿನಲ್ಲಿ ವಾಪಸ್ ಬಿಟ್ಟರೆ ಸಾಕು. ಒಂದೆರಡು ಮರಿ ಅವಳ ಬಾಯಿಗೆ ಹೋಗಬಹುದು. ಅದನ್ನು ಒಪ್ಪಿಕೊಂಡಿದ್ದೇನೆ.

ಟಬ್ಬಿನಲ್ಲೂ ಒಂದು ಪೆಟ್ಟು ತಿಂದೆ. ಮೊದಲ ಸಲ ಸುಮಾರು 40 ಮರಿ ಇದ್ದವು, ಒಂದು ವಾರದಲ್ಲಿ 25ಕ್ಕೆ ಇಳಿದವು. ಹೆಣವೂ ಇಲ್ಲ, ನೀರೂ ಕೆಟ್ಟಿಲ್ಲ. ಗಿಡವನ್ನೆಲ್ಲ ಎತ್ತಿ ಬಿಳಿ ತಟ್ಟೆಯಲ್ಲಿ ಹರಡಿದಾಗ ಕಂದು ಬಣ್ಣದ, ಆರು ಕಾಲಿನ, ಕಡ್ಲೆಬೀಜದಷ್ಟು ಉದ್ದದ ಹುಳ ಹೊರಬಂತು. ಏರೋಪ್ಲೇನ್ ಚಿಟ್ಟೆಯ ಮರಿ. ಮಡಚಿಟ್ಟುಕೊಂಡಿರುವ ಕೆಳದವಡೆಯನ್ನು ಕೈಯಂತೆ ಚಾಚಿ ಮರಿಮೀನನ್ನು ಹಿಡಿದು ತಿನ್ನುತ್ತದೆ. ಅಂಗಡಿಯ ಹೈಡ್ರಿಲ್ಲಾದ ಜೊತೆಗೇ ಬಂದಿತ್ತು. ಈಗ ಗಿಡ ತಂದರೆ ಎಳೆ ಎಳೆ ಬಿಡಿಸಿ ಬಿಳಿ ತಟ್ಟೆಯಲ್ಲಿ ತೊಳೆದು, ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ಮತ್ತೊಮ್ಮೆ ತಡಕಾಡಿದ ಮೇಲೆಯೇ ಟಬ್ಬಿಗೆ ಹಾಕುವುದು. ಮುಂದಿನ ಸಲ 41ರಲ್ಲಿ 38 ಮರಿ ತಿಂಗಳು ದಾಟಿದವು.

ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಟಬ್ಬಿನ ನೀರು ಬೇಗ ತಣ್ಣಗಾಗುತ್ತದೆ. ಆ ಎರಡು ತಿಂಗಳಿಗೆ ಒಂದು ಸಣ್ಣ ಹೀಟರ್ ಬೇಕು. ನೀರಿನ ಬಗ್ಗೆ ಹೆದರಬೇಡಿ: ನಲ್ಲಿಯ ಮೇಲೆ ಬಿಳಿ ಸುಣ್ಣ ಕಟ್ಟುವ ನಮ್ಮ ಬೋರ್‌ವೆಲ್ ಗಡಸು ನೀರು ಗಪ್ಪಿ, ಮೋಲಿ, ಪ್ಲಾಟಿಗಳಿಗೆಲ್ಲ ಹಿಡಿಸುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯ್ದೆರೆದು ಇಡುತ್ತೇನೆ.

ಆಹಾರದಲ್ಲೂ ಎರಡನ್ನು ಹೋಲಿಸಿ ನೋಡಿದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವುದು ಹಳೆಯ ಪದ್ಧತಿ, ಖರ್ಚಿಲ್ಲ. ಆದರೆ ಒಂದು ಹನಿ ಹೆಚ್ಚಾದರೂ ಬೆಳಗಾಗುವಷ್ಟರಲ್ಲಿ ನೀರು ಮಜ್ಜಿಗೆಯ ಹಾಗೆ ಕದಡಿ ವಾಸನೆ ಹೊಡೆಯುತ್ತದೆ. ಇನ್ನೊಂದು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ. ಅದರ ಮೊಟ್ಟೆ ದುಬಾರಿ, ಒಡೆಸುವ ಕೆಲಸವೂ ಇದೆ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ತಲೆಕೆಳಗು ಮಾಡಿದ ಸೋಡಾ ಬಾಟಲಿ, ತಳದಿಂದ ಗಾಳಿ. ಸೆಕೆ ಇದ್ದರೆ 24 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಟಾರ್ಚ್ ಹಿಡಿದರೆ ಬೆಳಕಿನ ಕಡೆಗೆ ಕಿತ್ತಳೆ ಮೋಡದಂತೆ ಬಂದು ಸೇರುತ್ತವೆ, ಅಲ್ಲಿಂದ ಹೀರಿಕೊಂಡು ಸಿಹಿನೀರಿನಲ್ಲಿ ತೊಳೆದು ಹಾಕುವುದು. ಗಪ್ಪಿ ಮರಿ ತಿಂದಿದ್ದು ಹೊರಗಿನಿಂದಲೇ ಕಾಣುತ್ತದೆ: ಗಾಜಿನಂಥ ಮೈಯೊಳಗೆ ಹೊಟ್ಟೆ ಮಾತ್ರ ಕಿತ್ತಳೆ ಮಣಿಯಾಗಿರುತ್ತದೆ. ಮೊದಲ ಹತ್ತು ದಿನ ನಾನು ಇದನ್ನೇ ಹಾಕುತ್ತೇನೆ, ಆಮೇಲೆ ಮಾಮೂಲಿ ಆಹಾರವನ್ನು ಬೆರಳಲ್ಲಿ ತಿಕ್ಕಿ ಪುಡಿ ಮಾಡಿ ಹಾಕಿದರೂ ಬೆಳೆಯುತ್ತವೆ.

ಎರಡು ದಿನಕ್ಕೊಮ್ಮೆ ಗಾಳಿ ಪೈಪಿನಿಂದ ನಾಲ್ಕು ಲೀಟರ್ ನೀರು ತೆಗೆಯುತ್ತೇನೆ. ತೆಗೆದ ನೀರು ಬಿಳಿ ಬಕೆಟ್ಟಿಗೇ ಬೀಳಬೇಕು. ಹತ್ತು ನಿಮಿಷ ಬಿಟ್ಟು ಬಗ್ಗಿ ನೋಡಿದರೆ ಹೆಚ್ಚಿನ ಸಲ ಒಂದಾದರೂ ಮರಿ ಅಂಚಿನಲ್ಲಿ ಓಡಾಡುತ್ತಿರುತ್ತದೆ, ಚಮಚದಲ್ಲಿ ಎತ್ತಿ ವಾಪಸ್ ಬಿಡಬೇಕು.

ದಿನ ಗೊತ್ತಿದ್ದು ರಜೆ ಹಾಕಬಲ್ಲವರು, ಜಾಗವೇ ಇಲ್ಲದವರು ಬಲೆ ಕೊಳ್ಳಲಿ. ಡಬ್ಬಿಯನ್ನು ಯಾರಿಗೂ ಕೊಳ್ಳಿ ಅನ್ನಲಾರೆ. ಹೆಣ್ಣು ಮೀನು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳುತ್ತದೆ, ಒಂದು ಸಲ ಕೂಡಿದರೆ ಮತ್ತೆ ಮತ್ತೆ ಹೆರುತ್ತದೆ. ಹಾಗಾಗಿ 500 ಚಿಲ್ಲರೆ ರೂಪಾಯಿಯ ಟಬ್ಬಿಗೆ ಕೆಲಸ ತಪ್ಪುವುದಿಲ್ಲ. ನನ್ನ 38ರಲ್ಲಿ 20 ಮರಿಗಳನ್ನು ಪಕ್ಕದ ಬೀದಿಯ ಅಂಗಡಿಯವರು ಆಹಾರದ ಪೊಟ್ಟಣಕ್ಕೆ ಬದಲಾಗಿ ತೆಗೆದುಕೊಂಡರು, ಕೆರೆಗೆ ಮಾತ್ರ ಒಂದನ್ನೂ ಬಿಟ್ಟಿಲ್ಲ. ಉಳಿದವುಗಳಲ್ಲಿ ಒಂದು ಹೆಣ್ಣಿನ ಹೊಟ್ಟೆ ಹೋದ ವಾರದಿಂದ ಉಬ್ಬುತ್ತಿದೆ. ನಿನ್ನೆ ಸಂಜೆ ಅವಳನ್ನು ಮಗ್ಗಿನಲ್ಲಿ ಟಬ್ಬಿಗೆ ಸಾಗಿಸಿದೆ.