ವಿಕ್ಟರ್ ರೀಡರ್ ಸ್ಟ್ರೀಮ್‌ಗೆ ವಿದ್ಯುತ್ತು: ಏಳು ವರ್ಷ ಬಳಸಿದ ಮೇಲೆ

ದೃಷ್ಟಿಯಿಲ್ಲದ ನಾನು ಓದುವುದು ಕಿವಿಯಿಂದ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯದಿಂದ ಇಳಿಸಿಕೊಂಡ ಡೈಸಿ ಪುಸ್ತಕಗಳನ್ನು (ಬೇಕಾದ ಅಧ್ಯಾಯಕ್ಕೆ, ಪುಟಕ್ಕೆ ನೆಗೆಯಬಹುದಾದ ಡಿಜಿಟಲ್ ಪುಸ್ತಕಗಳು) ಎಸ್‌ಡಿ ಕಾರ್ಡಿಗೆ ತುಂಬಿ, ಹ್ಯೂಮನ್‌ವೇರ್ ತಯಾರಿಕೆಯ ಎರಡನೆಯ ತಲೆಮಾರಿನ ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ, ಪುಸ್ತಕ ಓದಿ ಹೇಳುವ ಪುಟ್ಟ ಪ್ಲೇಯರಿನಲ್ಲಿ ಏಳು ವರ್ಷಗಳಿಂದ ಕೇಳುತ್ತಿದ್ದೇನೆ. ಈ ಪ್ಲೇಯರಿನ ಧ್ವನಿ, ಗುಂಡಿಗಳು, ಪುಟ ದಾಟುವ ಸೌಲಭ್ಯಗಳನ್ನು ಬದಿಗಿಟ್ಟು, ಅದಕ್ಕೆ ವಿದ್ಯುತ್ತು ಒದಗಿಸುವ ಬಗೆಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಯಂತ್ರ ಮೌನವಾದರೆ ಉಳಿದ ಸೌಲಭ್ಯಗಳನ್ನು ಕಟ್ಟಿಕೊಂಡು ಏನು ಮಾಡುವುದು?

ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 15 ಗಂಟೆ ಓದುತ್ತದೆ ಎಂಬುದು ಕಂಪನಿಯ ಮಾತು. ಇಯರ್‌ಫೋನ್ ಹಾಕಿಕೊಂಡು, ವೈಫೈ ಆರಿಸಿ ಕೇಳುತ್ತಿದ್ದ ಮೊದಲ ಎರಡು ವರ್ಷ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು; ಸ್ಪೀಕರಿನಲ್ಲಿ ಜೋರಾಗಿ ಕೇಳಿದ ದಿನ ಮಾತ್ರ ಲೆಕ್ಕ ತಪ್ಪುತ್ತಿತ್ತು. ನಾಲ್ಕನೆಯ ವರ್ಷಕ್ಕೆ ಅದೇ ಬ್ಯಾಟರಿ ಒಂಬತ್ತು ಗಂಟೆಗೆ ಇಳಿಯಿತು. ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ಸಹಜ, ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ. ಆದರೆ ಈ ಮಾದರಿಯ ದೊಡ್ಡ ಗುಣವೆಂದರೆ ಹಿಂದಿನ ಮುಚ್ಚಳ ಸರಿಸಿ ಬ್ಯಾಟರಿಯನ್ನು ನಾವೇ ಬದಲಿಸಬಹುದು. ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನೂ ಅದು ಬಾಯಿಬಿಟ್ಟು ಹೇಳುತ್ತದೆ.

ಹೊಸ ಬ್ಯಾಟರಿ ಕೊಳ್ಳುವಾಗ ಒಮ್ಮೆ ಮೋಸಹೋದೆ. ಅಂಗಡಿಯೊಂದರಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ಹಾಕಿದ ಮೂರನೆಯ ತಿಂಗಳಿಗೆ ಹಿಂದಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿದಾಗ ಅದು ಸಣ್ಣ ದಿಂಬಿನಂತೆ ಉಬ್ಬಿ, ಅತ್ತಿತ್ತ ತೂಗುತ್ತಿತ್ತು. ಊದಿಕೊಂಡ ಬ್ಯಾಟರಿಯನ್ನು ಚುಚ್ಚುವುದಾಗಲಿ ಮತ್ತೆ ಚಾರ್ಜಿಗೆ ಹಾಕುವುದಾಗಲಿ ಕೂಡದು; ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಟ್ಟೆ.

ಚಾರ್ಜಿಂಗಿನ ಕಿಂಡಿ ಮೈಕ್ರೋ ಯುಎಸ್‌ಬಿ. ಕಣ್ಣಿರುವವರನ್ನೂ ಸತಾಯಿಸುವ ಈ ಪಿನ್ನು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಅದರ ಒಂದು ಮಗ್ಗುಲಲ್ಲಿ ಉಗುರಿಗೆ ತಗಲುವ ಎರಡು ಪುಟ್ಟ ಕೊಕ್ಕೆಗಳಿರುತ್ತವೆ. ಆ ಮಗ್ಗುಲಿನ ಪ್ಲಾಸ್ಟಿಕ್ ಹಿಡಿಯ ಮೇಲೆ ನನ್ನ ಮಡದಿ ಒಂದು ತೊಟ್ಟು ಅಂಟು ಹಾಕಿ ಒಣಗಿಸಿದ್ದಾಳೆ. ಹೆಬ್ಬೆರಳಿಗೆ ಆ ಗುಬುಟು ಸಿಕ್ಕರೆ ದಿಕ್ಕು ಗೊತ್ತಾಗುತ್ತದೆ. ಹೇಗೆ ತಿರುಗಿಸಿದರೂ ಕೂರುವ ಟೈಪ್-ಸಿ ಪಿನ್ನು ನಮ್ಮಂಥವರಿಗೆ ನಿಜಕ್ಕೂ ಉಪಕಾರ.

ಕರೆಂಟು ಹೋದಾಗ ಇರಲೆಂದು 10,000 ಎಂಎಎಚ್ ಪವರ್ ಬ್ಯಾಂಕ್ ಕೊಂಡೆ. ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್‌ಗಳಿಗೆ ಸೇರಿದ್ದು. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ನಷ್ಟವೂ ಕಳೆದು ಸುಮಾರು 6,000 ದಕ್ಕುತ್ತದೆ. ಸ್ಟ್ರೀಮ್‌ಗೆ ಅಷ್ಟು ಧಾರಾಳ. ತೊಂದರೆ ಬೇರೆ ಕಡೆ ಇದೆ. ಪ್ಲೇಯರ್ ಮುಕ್ಕಾಲು ತುಂಬಿ ಎಳೆಯುವ ಕರೆಂಟು ತೀರ ಕಡಿಮೆಯಾದಾಗ, ಇನ್ನು ಯಾರಿಗೂ ಬೇಕಿಲ್ಲವೆಂದು ಭಾವಿಸಿ ಪವರ್ ಬ್ಯಾಂಕ್ ತಾನೇ ಆರಿಹೋಗುತ್ತದೆ. ಆರಿದ ಸುದ್ದಿ ಹೇಳಲು ಅದಕ್ಕಿರುವುದು ಒಂದು ದೀಪ, ಅದು ನನಗೆ ಕಾಣುವುದಿಲ್ಲ. ಈಗ ಅರ್ಧ ಗಂಟೆಗೊಮ್ಮೆ ಪ್ಲೇಯರನ್ನೇ ಕೇಳಿ, ಅಂಕಿ ಏರದಿದ್ದರೆ ಪವರ್ ಬ್ಯಾಂಕಿನ ಗುಂಡಿ ಒತ್ತುತ್ತೇನೆ.

ಎರಡು ಪೆನ್ಸಿಲ್ ಸೆಲ್ ಹಾಕುವ ತುರ್ತು ಚಾರ್ಜರನ್ನೂ ಪ್ರಯತ್ನಿಸಿದೆ. ಸೆಲ್ಲಿನ ಉಬ್ಬಿದ ತುದಿ ಬೆರಳಿಗೆ ತಿಳಿಯುವುದರಿಂದ ಹಾಕುವುದು ಸುಲಭ, ಯಾವ ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆದರೆ ಒಂದು ಜೊತೆಗೆ ನಾಲ್ಕು ಗಂಟೆಯ ಓದೂ ಹುಟ್ಟಲಿಲ್ಲ. ನಾಲ್ಕು ಆಲ್ಕಲೈನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ನೇರವಾಗಿ ಕೊಡಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದ್ದರು. ಹೊಸ ಸೆಲ್‌ಗಳಾದರೆ ಅದು 6 ವೋಲ್ಟ್ ದಾಟುತ್ತದೆ, ಪ್ಲೇಯರಿಗೆ ಬೇಕಾದದ್ದು 5; ದಯವಿಟ್ಟು ಬೇಡ.

ಧಾರವಾಡದಿಂದ ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ರಾತ್ರಿ 11ರ ಮೇಲೆ ಬೋಗಿಯ ಚಾರ್ಜಿಂಗ್ ಪಾಯಿಂಟನ್ನು ನೆಚ್ಚುವಂತಿಲ್ಲ. ತುಂಬಿಸಿದ ಇನ್ನೊಂದು ಬ್ಯಾಟರಿಯನ್ನು, ತುದಿಗಳಿಗೆ ನಾಣ್ಯ ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಕತ್ತಲಲ್ಲಿ, ಮೇಲಿನ ಬರ್ತಿನಲ್ಲಿ ಮಲಗಿಕೊಂಡೇ, ಪ್ಲೇಯರ್ ಆರಿಸಿ ಬ್ಯಾಟರಿ ಬದಲಿಸಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಪವರ್ ಬ್ಯಾಂಕ್ ಚೀಲದ ತಳದಲ್ಲಿರುತ್ತದೆ; ಕಳೆದ ವರ್ಷ ಅದನ್ನು ಹೊರತೆಗೆದದ್ದು ಎರಡು ಸಲ, ಎರಡೂ ಸಲ ಪಕ್ಕದ ಸೀಟಿನವರ ಮೊಬೈಲಿಗಾಗಿ.