ಹಿಮ್ಮಡಿ ನೋವಿಗೆ ನಾಲ್ಕು ಇನ್‌ಸೋಲ್, ಒಂದು ಜೊತೆ ಚಪ್ಪಲಿ

ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟ ತಕ್ಷಣ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಸ್ವಲ್ಪ ಕಡಿಮೆ. ಮಧ್ಯಾಹ್ನ ಮರೆತೇ ಹೋಗಿರುತ್ತದೆ, ಸಂಜೆ ಮತ್ತೆ ಹಾಜರ್. ನಾನು ಮೈಸೂರಿನಲ್ಲಿ ಹೈಸ್ಕೂಲ್ ಗಣಿತ ಟೀಚರ್. ಆರು ಪೀರಿಯಡ್ಡೂ ನಿಂತೇ ಪಾಠ.

ಮೂಳೆ ಡಾಕ್ಟರು ಹಿಮ್ಮಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು, ನಾನು ಕಿರುಚಿದೆ, ‘ಪ್ಲಾಂಟರ್ ಫೇಸಿಯೈಟಿಸ್’ ಅಂದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯ ಹಾಗೆ ಹಿಡಿದಿಡುವುದು ಅದೇ. ಕಮಾನು ಕುಸಿದಾಗೆಲ್ಲ ಹೆದೆ ಜಗ್ಗುತ್ತದೆ. ಜಗ್ಗಿ ಜಗ್ಗಿ ಅದು ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ನೋವು. ಮನೆಗೆ ಬಂದು ಒದ್ದೆ ಕಾಲನ್ನು ಹಳೇ ಪೇಪರ್ ಮೇಲೆ ಇಟ್ಟು ನೋಡಿದೆ. ನಡುವೆ ಖಾಲಿ ಕಾಣಬೇಕಾದ ಜಾಗವೂ ಪೂರ್ತಿ ಒದ್ದೆ. ಅಂದರೆ ಚಪ್ಪಟೆ ಪಾದ.

ಅಲ್ಲಿಂದ ಎಂಟು ತಿಂಗಳು ಇನ್‌ಸೋಲ್, ಅಂದರೆ ಶೂ ಒಳಗೆ ಹಾಕುವ ಹಾಸು, ಒಂದಾದ ಮೇಲೊಂದು ಕೊಂಡು ನೋಡಿದ್ದೇ ನೋಡಿದ್ದು.

ಮೊದಲು ಮೆಡಿಕಲ್ ಶಾಪಿನ ಸಿಲಿಕಾನ್ ಹೀಲ್ ಪ್ಯಾಡ್, 250 ರೂಪಾಯಿ. ಹಿಮ್ಮಡಿಯ ಕೆಳಗೆ ಮೆತ್ತಗೆ, ಹತ್ತು ದಿನ ಹಾಯ್ ಅನಿಸಿತು. ಆದರೆ ಅದು ಹಿಮ್ಮಡಿಗೆ ಬೀಳುವ ಪೆಟ್ಟನ್ನಷ್ಟೇ ತಡೆಯುತ್ತದೆ. ಕಮಾನು ಕುಸಿಯುವುದು ಕುಸಿಯುತ್ತಲೇ ಇರುತ್ತದೆ. ಬೆವರಿದರೆ ಜಾರುತ್ತದೆ, ಧೂಳು, ಕೂದಲು ಎಲ್ಲ ಅಂಟಿಕೊಳ್ಳುತ್ತದೆ.

ಆಮೇಲೆ 450 ರೂಪಾಯಿಯ ಪೂರ್ತಿ ಉದ್ದದ ಜೆಲ್ ಇನ್‌ಸೋಲ್. ನಾನು ಕೊಂಡವುಗಳಲ್ಲಿ ಕೆಟ್ಟದ್ದು ಇದೇ. ಅಂಗಡಿಯಲ್ಲಿ ನಿಂತು ನೋಡಿದರೆ ಹತ್ತಿ ಹಾಸಿಗೆ. ಅಲ್ಲೇ ಮೋಸ ಹೋಗೋದು! ಮೆತ್ತನೆಯ ಜೆಲ್ಲಿನಲ್ಲಿ ಪಾದ ಇನ್ನೂ ಒಳಕ್ಕೆ ವಾಲಿತು. ವಾರದಲ್ಲಿ ಹಿಮ್ಮಡಿ ಜೊತೆಗೆ ಕಣಕಾಲಿನ ಒಳಬದಿಯೂ ನೋಯೋಕೆ ಶುರು. ‘ಪಾದ ನೇರ ಮಾಡುತ್ತದೆ’ ಅಂತ ಡಬ್ಬಿ ಮೇಲೆ ಬರೆದಿತ್ತು. ಯಾವ ಇನ್‌ಸೋಲೂ ದೊಡ್ಡವರ ಮೂಳೆಯ ಆಕಾರ ಬದಲಿಸಲ್ಲ. ಹಾಕಿಕೊಂಡಿರುವಷ್ಟು ಹೊತ್ತು ಭಾರ ಬೀಳುವ ಜಾಗ ಬದಲಿಸುತ್ತದೆ, ಅಷ್ಟೇ.

ಮೂರನೆಯದು 1,200 ರೂಪಾಯಿಯ ರೆಡಿಮೇಡ್ ಆರ್ಚ್ ಸಪೋರ್ಟ್. ಕೆಳಗೆ ಗಟ್ಟಿ ಪ್ಲಾಸ್ಟಿಕ್, ಹಿಂದೆ ಆಳವಾದ ಬಟ್ಟಲು. ಕೊಳ್ಳುವಾಗ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ನಡುವಿನಲ್ಲಿ ದೋಸೆ ಹಾಗೆ ಮಡಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಇದು ಬಗ್ಗಲಿಲ್ಲ. ಮೊದಲ ದಿನ ಕಮಾನಿನ ಕೆಳಗೆ ಯಾರೋ ನಿಂಬೆಹಣ್ಣು ಇಟ್ಟ ಹಾಗೆ ಆಯಿತು. ಫಿಸಿಯೋ ಹೇಳಿದಂತೆ ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ ನಿಧಾನ ಜಾಸ್ತಿ ಮಾಡಿದೆ. ಬಟ್ಟಲಿನಲ್ಲಿ ಕೂತ ಹಿಮ್ಮಡಿ ಒಳಕ್ಕೆ ವಾಲಲ್ಲ, ಭಾರ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ, ಹೆದೆಗೆ ಬಿಡುವು. ಮೂರನೇ ವಾರ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ ನೆನಪಾಯಿತು, ಇವತ್ತು ಗೋಡೆ ಹಿಡಿಯಲೇ ಇಲ್ಲ!

ಒಂದು ತಪ್ಪು ಮಾಡಿದ್ದೆ. ಶೂ ಒಳಗಿನ ಹಳೇ ಹಾಸು ತೆಗೆಯದೆ ಅದರ ಮೇಲೇ ಇದನ್ನು ಹಾಕಿದ್ದೆ. ಹಿಮ್ಮಡಿ ಮೇಲೆದ್ದು ಹಿಂಬದಿ ಉಜ್ಜಿ ಗುಳ್ಳೆ ಬಂತು. ಇನ್ನೊಂದು ವಿಷಯ, ಇದು ಚಪ್ಪಲಿಯಲ್ಲಿ ಕೂರಲ್ಲ. ಹಾಗಾಗಿ ಸೀರೆಗೆ ಸ್ಪೋರ್ಟ್ಸ್ ಶೂ. ಎಂಟನೇ ಕ್ಲಾಸಿನ ಹುಡುಗರು ಎರಡು ದಿನ ಮುಸಿಮುಸಿ ನಕ್ಕರು, ಆಮೇಲೆ ಸುಮ್ಮನಾದರು.

ನೋವು ಕಡಿಮೆಯಾಗಿದ್ದರೂ ಆಸೆ ಬಿಡಬೇಕಲ್ಲ. ಅಳತೆ ಕೊಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿರುತ್ತೆ ಅಂತ 5,000 ಕೊಟ್ಟೆ. ಹಸಿ ಮಣ್ಣಿನಲ್ಲಿ ಕಾಲಿಟ್ಟ ಹಾಗೆ ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ಪಾದದ ಅಚ್ಚು ತೆಗೆದರು. ಹತ್ತು ದಿನಕ್ಕೆ ಬಂತು, ಎಡಗಾಲಿನದು ಕಮಾನಿನ ಅಂಚಿಗೆ ಕಚ್ಚುತ್ತಿತ್ತು. ‘ಒಗ್ಗುತ್ತೆ ಮೇಡಂ’ ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಜಗಳ ಆಡಿದ ಮೇಲೆ ಅಂಚನ್ನು ಉಜ್ಜಿ ಸರಿ ಮಾಡಿಕೊಟ್ಟರು. ಆಮೇಲೆ ಒಂದು ವಾರ ಅದು, ಒಂದು ವಾರ ರೆಡಿಮೇಡು, ಹೀಗೆ ಬದಲಿಸಿ ಹಾಕಿದೆ. ಮಾಡಿಸಿದ್ದು ತೆಳು, ಶೂ ಬಿಗಿಯಾಗಲ್ಲ. ನೋವಿನ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. ಆಸ್ಟ್ರೇಲಿಯಾದಲ್ಲಿ ಇದೇ ನೋವಿದ್ದ 135 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಮೂರು ತಿಂಗಳಿಗೆ ಅಳತೆಯದು, ರೆಡಿಮೇಡು ಎರಡರಿಂದಲೂ ಸ್ವಲ್ಪ ಅನುಕೂಲ ಕಂಡಿತ್ತು. ಒಂದು ವರ್ಷವಾಗುವಷ್ಟರಲ್ಲಿ ಅಳತೆಯದು, ರೆಡಿಮೇಡು, ಹೋಲಿಕೆಗೆ ಕೊಟ್ಟ ತೆಳು ಫೋಮು ಮೂರರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದನ್ನು ಮೊದಲೇ ಓದಿದ್ದರೆ 5,000 ಉಳೀತಿತ್ತು, ಅಲ್ವಾ?

ಇಷ್ಟಾದರೂ ಭಾನುವಾರ ಸಂಜೆ ಮಾತ್ರ ನೋವು ಜಾಸ್ತಿ. ಯಾಕೆ ಅಂತ ಹೊಳೆಯೋಕೆ ತಿಂಗಳೇ ಬೇಕಾಯಿತು. ಇನ್‌ಸೋಲ್ ಇರೋದು ಶೂನಲ್ಲಿ, ಶೂ ಇರೋದು ಬಾಗಿಲ ಆಚೆ. ನಾನು ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ನಾಲ್ಕು ಗಂಟೆ ಅಡುಗೆ ಮಾಡಿಕೊಂಡು! ಶೂ ಹಾಕಿಕೊಂಡೇ ಮನೆಯೊಳಗೆ ಓಡಾಡುವ ದೇಶಗಳ ಸಲಹೆ ನಮಗೆ ಅರ್ಧವಷ್ಟೇ ಹೊಂದುತ್ತದೆ.

ಅದಕ್ಕೇ 650 ರೂಪಾಯಿಯ ಎಂಸಿಆರ್ ಚಪ್ಪಲಿ ತಂದೆ, ಒಳಗೆ ಸಣ್ಣ ಕಮಾನು ಇರುವಂಥದ್ದು. ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಕುಷ್ಠರೋಗದಿಂದ ಕಾಲಿನ ಸ್ಪರ್ಶ ಕಳೆದುಕೊಂಡವರ ಪಾದರಕ್ಷೆಗೆ ಬಳಸುತ್ತಿದ್ದ ರಬ್ಬರ್ ಇದು, ಈಗ ಸಕ್ಕರೆ ಕಾಯಿಲೆಯವರಿಗೂ ಕೊಡುತ್ತಾರೆ. ಅಂದ ಹಾಗೆ, ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಹಿಡಿಯುವವರು ನನ್ನ ಹಾಗೆ ಪ್ರಯೋಗಕ್ಕೆ ಇಳಿಯಬೇಡಿ. ಗುಳ್ಳೆ ಬಂದರೂ ಗೊತ್ತಾಗಲ್ಲ, ಹುಣ್ಣಾಗುತ್ತದೆ. ಡಾಕ್ಟರಿಗೆ ತೋರಿಸಿಯೇ ಕೊಳ್ಳಿ.

‘ಅಡುಗೆ ಮನೆಗೂ ಚಪ್ಪಲೀನಾ?’ ಅಂದರು ಅತ್ತೆ. ‘ಆಚೆ ಹಾಕಲ್ಲ ಅತ್ತೆ, ಇದು ಒಳಗಿಂದೇ’ ಅಂದೆ. ದೇವರ ಮನೆ ಹೊಸ್ತಿಲಲ್ಲಿ ಬಿಡ್ತೀನಿ ಅಂತ ರಾಜಿಯಾಯಿತು. ಭಾನುವಾರದ ನೋವು ಇಳಿದದ್ದು ಇದರಿಂದಲೇ. ಹಣಕ್ಕೆ ತಕ್ಕ ಗುಣ ಅಂತ ನೋಡಿದರೆ ನನ್ನ ಲೆಕ್ಕದಲ್ಲಿ ಚಪ್ಪಲಿಯೇ ಮೊದಲು, ಸ್ಕೂಲಿಗೆ ರೆಡಿಮೇಡು ಗಟ್ಟಿ ಇನ್‌ಸೋಲು. ಜೊತೆಗೆ ಏಳುವ ಮುಂಚೆ ಮಂಚದ ಮೇಲೇ ಕಾಲ್ಬೆರಳುಗಳನ್ನು ಹಿಂದಕ್ಕೆ ಎಳೆದು ಹಿಡಿಯುವುದು, ಹತ್ತು ಸಲ. ಅದಕ್ಕೆ ಕಾಸಿಲ್ಲ.

ಮದುವೆ ಛತ್ರಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಚಪ್ಪಲಿ ಆಚೆ, ಗ್ರಾನೈಟ್ ನೆಲ, ವಧೂವರರಿಗೆ ಗಿಫ್ಟ್ ಕೊಡೋಕೆ ಮುಕ್ಕಾಲು ಗಂಟೆ ಸಾಲು. ಸದ್ಯಕ್ಕೆ ಸಾಲಿನಲ್ಲಿ ಯಜಮಾನರು ನಿಲ್ಲುತ್ತಾರೆ, ನಾನು ಕುರ್ಚಿ ಹಿಡಿದು ಕೂತಿರುತ್ತೇನೆ.